ಈ ಸಲ ನೀನೇ ಸೋಲಬೇಕು

ಔರಾದ, ಮೇ ೨೦೧೬

ಮಚ್ಛೇಂದ್ರ ಅಣ್ಣನಿಗೆ ಜೈ ಭೀಮ್.

ಮೈದಾನಕ್ಕೇ ಇಳಿಯದೆ, ಫೋನಿನಲ್ಲೇ ನಿಜವಾದ ಆಟಗಾರರನ್ನು ಆರಿಸಿ, ನಮ್ಮ ಗೆಳೆಯರ ಫ್ಯಾಂಟಸಿ ಫುಟ್‌ಬಾಲ್ ಲೀಗಿನಲ್ಲಿ ನಾನೇ ಫಸ್ಟ್! ಸದಾ ಸೋಲುವ ತಂಡದ ಗೋಲ್‌ಕೀಪರನ್ನು ಆರಿಸಿದೆನೆಂದು ನಕ್ಕಿದ್ದೆಯಲ್ಲ? ಚೆಂಡೆಲ್ಲ ಅವನ ಕಡೆಗೇ ಬರುತ್ತದೆ, ತಡೆದಂತೆಲ್ಲ ಅಂಕ! ಇಡೀ ಸೀಸನ್ನಿನ ಅಂಕಿಅಂಶ ನೋಡಿಯೇ ಆರಿಸಿದ್ದೆ.

ನಿನ್ನ ತಂಡವನ್ನೂ ಹಾಗೇ ನೋಡಿದೆ. ಕೊನೆಗೆ ಬಂದವರು ಔರಾದಿಗೆ ಬಂದು ಎಲ್ಲರಿಗೂ ಅಡುಗೆ ಮಾಡಿ ಹಾಕಬೇಕೆಂದು ನೀನೇ ನಿಯಮ ಮಾಡಿದವನು. ಈಗ ಯುನುಸ ಕೊನೆಗಿದ್ದಾನೆ, ನೀನು ಅವನಿಗಿಂತ ಕೂದಲೆಳೆಯಷ್ಟು ಮುಂದೆ. ಭಾನುವಾರ ಕೊನೆಯ ಪಂದ್ಯಗಳು. ನಿನ್ನ ಆಟಗಾರರಲ್ಲಿ ನಾಲ್ವರಿಗೆ ಗಾಯವಾಗಿದೆ, ಅವರು ಆಡದಿದ್ದರೆ ನಿನಗೆ ಅಂಕವಿಲ್ಲ. ದಯವಿಟ್ಟು ಯಾರನ್ನೂ ಬದಲಿಸಬೇಡ!

ಫೋನಿನಲ್ಲಿ ಬರೆದರೆ ನಿನ್ನ ಹೈದರಾಬಾದಿನ ರೂಮಿನಲ್ಲೇ ಇರುವ ಯುನುಸ ಓದಿಬಿಡುತ್ತಾನೆ. ಅದಕ್ಕೇ ಬಸ್ಸಿಗೆ ಕೊಟ್ಟ ರೊಟ್ಟಿ ಗಂಟಿನಲ್ಲಿ ಈ ಚೀಟಿ ಇಟ್ಟಿದ್ದೇನೆ.

ಬೇಸಿಗೆಗೆ ಊರಿಗೆ ಬಾ ಎಂದರೆ ನೀನು, "ಕುಡಿಲಾಕ ನೀರಿಲ್ಲದಾಗ ನಾ ಒಬ್ಬಾಂವ ಮತ್ಯಾಕ?" ಅಂದಿದ್ದೆ. ಟ್ಯಾಂಕರ್ ಬರುತ್ತಿದೆ. ನಿನ್ನ ಪಾಲಿನ ಕೊಡ ಬೇರೆಯೇ ತುಂಬಿಟ್ಟಿದ್ದೇವೆ. ಬರುವಾಗ ಅವ್ವನ ಕಾಲುನೋವಿನ ಎಣ್ಣೆ ತಾ.

ಅವ್ವನಿಗೆ ಫುಟ್‌ಬಾಲ್ ಗೊತ್ತಿಲ್ಲ. ಆದರೂ ದಿನಾ ಬೆಳಗಾದರೆ ಕೇಳುತ್ತಾಳೆ: "ನಮ್ಮ ಮಚ್ಛು ಇನ್ನಾ ಸೋತಿಲ್ಲೇನ?"

ನಿನ್ನ ತಂಗಿ,
ಸಂಘಮಿತ್ರಾ