ನಿನ್ನ ಬ್ಯಾಕ್ಟೀರಿಯಾದಲ್ಲಿ ಸಿಕ್ಕ ಕುರಿ

ಪ್ರೋಟೀನು ಅಳೆಯುವ ಕೇಂದ್ರ, ಮೂರನೆಯ ಮಹಡಿಯ ಊಟದ ಕೋಣೆ
ಶುಕ್ರವಾರ, ಮಾರ್ಚ್ ೭

ಮುದ್ದಿನ ತಮ್ಮ ಗುಂಡನಿಗೆ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಬ್ಯಾಕ್ಟೀರಿಯಾಗಳಿಗೆ ಉಣಿಸಿ ನೀನು ಉಪವಾಸವೋ? ಮೂರು ವಾರದಿಂದ ಮುಖ ಊದಿಸಿಕೊಂಡು ಫೋನ್ ಎತ್ತುತ್ತಿಲ್ಲ. ಕಾಗದವನ್ನಾದರೆ ನೀನು ಓದಿಯೇ ಹರಿಯುವವನು ಎಂದು ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಈಗ ಆರು ಯಂತ್ರಗಳು. ದಿನಕ್ಕೆ ಮುನ್ನೂರು ಮಾದರಿಗಳನ್ನು ನುಂಗಿ, ಒಂದೊಂದರಲ್ಲೂ ಯಾವ ಪ್ರೋಟೀನು ಎಷ್ಟಿದೆ ಎಂದು ಹೇಳುತ್ತವೆ. ಎಲ್ಲೆಲ್ಲಿಂದಲೋ ಬರುವ ಸೂಕ್ಷ್ಮಜೀವಿಗಳೆಲ್ಲ ನನ್ನ ಕೈ ದಾಟಿಯೇ ಒಳಗೆ ಹೋಗಬೇಕು. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ, ಬೇಕಾದರೆ ಜಂಬ ಅಂದುಕೋ. ಆ ಜಂಬದಲ್ಲೇ ಅಂದು ವರದಿ ಕಳಿಸಿದ್ದು: ನಿನ್ನ ಮಾದರಿಗಳನ್ನು ತುಂಬಿದ ಪ್ಲೇಟಿನ ತೊಂಬತ್ತಾರು ಗುಳಿಗಳಲ್ಲಿ ಕೊನೆಯ ಇಪ್ಪತ್ತನಾಲ್ಕು ಕೆಟ್ಟಿವೆ, ಅವುಗಳ ತುಂಬ ಮನುಷ್ಯರ ಚರ್ಮ ಕೂದಲಿನ ಪ್ರೋಟೀನು, ಮಾದರಿ ತಯಾರಿಸಿದವರ ಅಜಾಗರೂಕತೆ ಎಂದು. ಕಬ್ಬಿಣ ಸಿಗದ ಬ್ಯಾಕ್ಟೀರಿಯಾ ಹೊಸದೊಂದು ಪ್ರೋಟೀನು ತಯಾರಿಸುತ್ತದೆ ಎಂಬ ನಿನ್ನ ಮೂರು ವರ್ಷದ ವಾದ ನಿಂತಿದ್ದೇ ಕಬ್ಬಿಣವಿಲ್ಲದೆ ಬೆಳೆಸಿದ ಆ ಇಪ್ಪತ್ತನಾಲ್ಕರ ಮೇಲೆ. ನಿನ್ನ ಪಿಎಚ್‌ಡಿ ಗೈಡ್ ಎಲ್ಲರೆದುರು ನಿನ್ನ ನೀರಿಳಿಸಿ, ಇದನ್ನು ಇಲ್ಲಿಗೇ ಬಿಡು ಎಂದರಂತೆ. "ಅಕ್ಕಾ, ಒಂದ್ಸಲ ನಿಮ್ಮ ಕಡೆನೂ ನೋಡು" ಎಂದೆ ನೀನು. "ನಮ್ಮಲ್ಲಿ ತಪ್ಪಾಗಲ್ಲ ಕಣೋ" ಎಂದು ನಾನು ಬಾಯಿ ಮುಚ್ಚಿಸಿದೆ.

ನಿನ್ನ ಆ ಮಾತು ನನ್ನನ್ನು ಬಿಡಲಿಲ್ಲ. ಹೋದ ವಾರ ನಿನ್ನ ಫಲಿತಾಂಶಗಳನ್ನು ಮತ್ತೆ ತೆರೆದು, ಈ ಸಲ ಬೇರೆ ಪ್ರಾಣಿಗಳ ಪ್ರೋಟೀನುಗಳ ಪಟ್ಟಿಯನ್ನೂ ಕಂಪ್ಯೂಟರಿಗೆ ಕೊಟ್ಟು ಹುಡುಕಿಸಿದೆ. ಸಿಕ್ಕಿದ್ದು ಮನುಷ್ಯನಲ್ಲ, ಕುರಿ. ಮೂವತ್ತೇಳು ಡಿಗ್ರಿಯ ಕೋಣೆಯಲ್ಲಿ ಬೆವರು ಸುರಿಸುವ ನಿನಗೆಲ್ಲಿಯ ಉಣ್ಣೆ? ಉಣ್ಣೆ ಇದ್ದದ್ದು ನಮ್ಮ ಚಳಿ ಕೊರೆಯುವ ಕೋಣೆಯಲ್ಲಿ, ನನ್ನ ಮೈಮೇಲೆ. ಚಿಕ್ಕಮ್ಮ ಹೆಣೆದ ಸ್ವೆಟರಿನ ಉದ್ದ ತೋಳು ಬಿಳಿ ಕೋಟಿನಿಂದ ಇಣುಕಿ ಕೊನೆಯ ಸಾಲುಗಳನ್ನು ಸವರಿದೆ. ಸುಳ್ಳೇಕೆ, ಒಂದು ಗಂಟೆ ಯಾರಿಗೂ ಹೇಳದೆ ಕೂತಿದ್ದೆ. ಆಮೇಲೆ ನಮ್ಮ ಮುಖ್ಯಸ್ಥೆಯ ಮುಂದೆ ಹೋಗಿ ಒಪ್ಪಿಕೊಂಡೆ. ಅವರು ಕೇಳಿದ್ದು ಇಷ್ಟೇ: "ಮಾದರಿ ಉಳಿದಿದ್ಯಾ?"

ಫ್ರೀಜರಿನಲ್ಲಿ ಅರ್ಧದಷ್ಟು ಉಳಿದಿತ್ತು. ಸ್ವೆಟರ್ ಕಳಚಿಟ್ಟು, ಗಡಗಡ ನಡುಗುತ್ತಾ ಹೊಸ ಪ್ಲೇಟ್ ತುಂಬಿದೆ. ನಿನ್ನೆ ಫಲಿತಾಂಶ ಬಂತು. ಗುಂಡಾ, ನಿನ್ನ ಪ್ರೋಟೀನು ಇದೆ ಕಣೋ. ಇಪ್ಪತ್ತನಾಲ್ಕರಲ್ಲೂ ಇದೆ, ಕಬ್ಬಿಣ ಸಿಕ್ಕವುಗಳಲ್ಲಿ ಒಂದರಲ್ಲೂ ಇಲ್ಲ. ನೀನು ಹೇಳಿದ್ದೇ ಸರಿ. ಕಂಪ್ಯೂಟರಿನ ಮುಂದೆ ಕೂತು ಅತ್ತುಬಿಟ್ಟೆ, ಸಂತೋಷಕ್ಕೂ ನಾಚಿಕೆಗೂ.

ಅಪ್ಪ ಅಮ್ಮನಿಗೆ ನಮ್ಮ ಜಗಳದ ವಿಷಯ ಗೊತ್ತಿಲ್ಲ, ನಿನಗೆ ಕೆಲಸ ಜಾಸ್ತಿ ಎಂದಿದ್ದೇನೆ. ನಿನ್ನ ಗೆಳೆಯರಿಗೆಲ್ಲ ನನ್ನ ನೆನಪು ಹೇಳು. ಚೆನ್ನಾಗಿರು ಮರಿ, ಹಿಡಿದ ಕೆಲಸವೆಲ್ಲ ನಿನಗೆ ಕೈಗೂಡಲಿ.

ನಿನ್ನ
ಅಕ್ಕ

ಮರೆತಿದ್ದೆ: ತಿದ್ದಿದ ವರದಿಯನ್ನು ಇಮೇಲ್ ಮಾಡಿದರೆ ಸಾಕು ಎಂದರು ಮುಖ್ಯಸ್ಥೆ. ಸಾಲದು ಎಂದೆ. ನಿನ್ನನ್ನು ಬೈದದ್ದು ಎಲ್ಲರೆದುರು ತಾನೆ? ಹದಿನೇಳರ ಸೋಮವಾರ ನಿಮ್ಮ ಸಭೆಯಲ್ಲಿ ಐದು ನಿಮಿಷ ಕೊಡಿ ಎಂದು ನಿನ್ನ ಗೈಡನ್ನು ಕೇಳಿದೆ, ಒಪ್ಪಿದ್ದಾರೆ. ತಪ್ಪು ನನ್ನದು ಎಂದು ಎಲ್ಲರೆದುರೇ ನಿಂತು ಹೇಳುತ್ತೇನೆ. ನಡುವೆ ಎದ್ದು ನನ್ನ ಪರ ವಹಿಸಬೇಡ. ಮುಂದಿನ ಸಾಲಿನಲ್ಲಿ ತಲೆ ಎತ್ತಿ ಕೂತಿರು, ಸಾಕು.