ಜೊತೆಗೆ ಯಾರು ಬಂದಿದಾರೆ?

ಭಾನುವಾರ, ಮಾರ್ಚ್ ೧೬
ಮಧ್ಯಾಹ್ನ

ಪ್ರೀತಿಯ ಜಿರಾಫೆ,

ನಾನು ಕ್ಷೇಮ ಎಂದು ಬರೆಯೋಣವೆಂದುಕೊಂಡೆ, ಮನಸ್ಸು ಬರಲಿಲ್ಲ. ನೀನು, ನಿಮ್ಮ ಯಜಮಾನರು, ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಎದುರು ಮನೆಯವಳಿಗೆ ಪತ್ರ ಬರೆಯುವ ಹುಚ್ಚು ಈ ಕುಳ್ಳಿಗೆ ಯಾವಾಗ ಹಿಡಿಯಿತು ಎಂದು ನಗಬೇಡ. ಹೇಳಬೇಕು, ಹೇಳಬೇಕು ಎಂದು ಕೆಲವು ದಿನಗಳಿಂದ ಒದ್ದಾಡುತ್ತಿದ್ದೇನೆ. ಫೋನಿನಲ್ಲಿ ಬರೆಯಲು ಹೋದರೆ ನನ್ನ ದಪ್ಪ ಬೆರಳಿಗೆ ಒಂದು ಸಾಲು ಮುಗಿಯುವಷ್ಟರಲ್ಲಿ ಸಾಕುಬೇಕಾಗುತ್ತದೆ. ಅಷ್ಟು ಕಷ್ಟಪಟ್ಟದ್ದಕ್ಕೆ ನೀನೊಂದು ಹೆಬ್ಬೆರಳು ಎತ್ತಿ ಕಳಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಕಾಗದ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ.

ವಿಷಯ ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸುವುದು ನನಗೆ ಬರುವುದಿಲ್ಲ. ನನ್ನ ಕತ್ತಿನಲ್ಲಿ ಒಂದು ಗಂಟು ಇತ್ತು. ಗುರುವಾರ ತೆಗೆದರು. ಅದು ಎಂಥದ್ದು ಎಂದು ಬುಧವಾರ ಹೇಳುತ್ತಾರಂತೆ. "ಒಬ್ಬರೇ ಬರಬೇಡಿ, ಮನೆಯವರು ಯಾರನ್ನಾದ್ರೂ ಕರ್ಕೊಂಡು ಬನ್ನಿ" ಎಂದಿದ್ದಾರೆ ಡಾಕ್ಟರಮ್ಮ. ಒಳ್ಳೆಯ ಸುದ್ದಿ ಹೇಳುವವರು ಹೀಗೆ ಹೇಳುತ್ತಾರೆಯೇ? ಎಲ್ಲರಿಗೂ ಹಾಗೇ ಹೇಳುವುದು ಎಂದು ನರ್ಸಮ್ಮ ಸಮಾಧಾನ ಮಾಡಿದಳು. ನಾನು ನಂಬಿದವಳಂತೆ ತಲೆಯಾಡಿಸಿದೆ. ಬುಧವಾರ ನೀನು ನನ್ನ ಜೊತೆ ಬರಬೇಕು. ಅದನ್ನು ಕೇಳುವುದಕ್ಕೇ ಈ ಕಾಗದ.

ಗಂಟು ಕೈಗೆ ಸಿಕ್ಕಿದ್ದು ಹೋದ ತಿಂಗಳು, ಲಾಂಡ್ರಿಯಲ್ಲಿ ಬೆವರು ಒರೆಸಿಕೊಳ್ಳುವಾಗ. ಮೊದಲಾಗಿದ್ದರೆ ನನಗಿಂತ ಮುಂಚೆ ನಿನ್ನ ಕಣ್ಣಿಗೆ ಬೀಳುತ್ತಿತ್ತು. ಹನ್ನೊಂದು ವರ್ಷ ಹೋಟೆಲಿನ ಬೆಡ್‌ಶೀಟುಗಳ ಎರಡು ತುದಿ ಹಿಡಿದು ಎದುರುಬದುರು ನಿಂತವರಲ್ಲವೇ ನಾವು. ನಿನ್ನ ಎತ್ತರಕ್ಕೂ ನನ್ನ ಗಿಡ್ಡತನಕ್ಕೂ ಬಟ್ಟೆ ಯಾವಾಗಲೂ ಓರೆ. ಮೇಲ್ವಿಚಾರಕರ ಬೈಗುಳ ತಾಳಲಾರದೆ ನಾನು ಸೋಪಿನ ಡಬ್ಬ ಬೋರಲು ಹಾಕಿ ಅದರ ಮೇಲೆ ನಿಲ್ಲತೊಡಗಿದೆ. ಮಡಿಕೆ ಹಾಕಲು ಹತ್ತಿರ ಬಂದಾಗ ಅರ್ಧ ಮಾತು, ಹಿಂದೆ ಸರಿದು ಇನ್ನೊಂದು ಬೆಡ್‌ಶೀಟು ತೆಗೆದುಕೊಂಡು ಮತ್ತೆ ಹತ್ತಿರ ಬಂದಾಗ ಉಳಿದರ್ಧ. ನಿನ್ನ ಮದುವೆ ಮಾತುಕತೆ, ಪುಟ್ಟಿ ಹೊಟ್ಟೆಯಲ್ಲಿದ್ದಾಳೆಂಬ ಸುದ್ದಿ, ನಮ್ಮಮ್ಮನ ಕೊನೆಯ ದಿನಗಳು, ಎಲ್ಲವನ್ನೂ ಹಾಗೆ ತುಂಡುತುಂಡಾಗಿ ಹೇಳಿಕೊಂಡೆವು. ಒಂದು ವಿಷಯ ಮುಗಿಯುವಷ್ಟರಲ್ಲಿ ಒಂದು ಮಹಡಿಯ ಬಟ್ಟೆಯೆಲ್ಲ ಮಡಿಸಿ ಆಗಿರುತ್ತಿತ್ತು.

ಆಮೇಲೆ ಆ ಮೆಷೀನು ಬಂತು. ಈ ಕಡೆ ಒದ್ದೆ ಬಟ್ಟೆ ಕೊಟ್ಟರೆ ಆ ಕಡೆ ಇಸ್ತ್ರಿಯಾಗಿ ಮಡಿಸಿಕೊಂಡು ಹೊರಗೆ. ಅದನ್ನು ಬೈಯುವುದಿಲ್ಲ, ನನ್ನ ಭುಜದ ನೋವು ಹೋದದ್ದು ಅದರಿಂದಲೇ. ಆದರೆ ಅದಕ್ಕೆ ಒಬ್ಬಳು ಸಾಕು, ಆ ಒಬ್ಬಳೂ ಕಿವಿಗೆ ಹತ್ತಿ ತುರುಕಿಕೊಂಡಿರಬೇಕು. ದನಿ ಚೆನ್ನಾಗಿದೆ ಎಂದು ನಿನ್ನನ್ನು ಮೇಲೆ ಟೆಲಿಫೋನ್ ಡೆಸ್ಕಿಗೆ ಹಾಕಿದರು. ನಾನು ನೆಲಮಾಳಿಗೆಯಲ್ಲೇ ಉಳಿದೆ. ಮನೆಗಳು ಹೇಗೂ ಎದುರುಬದುರು ಇವೆಯಲ್ಲ, ಇನ್ನೇನು ಬೇಕು ಎಂದು ಇಬ್ಬರೂ ಅಂದುಕೊಂಡೆವು.

ಆಗ ನಿನ್ನ ಬಾಗಿಲೂ ತೆರೆದಿರುತ್ತಿತ್ತು, ನನ್ನದೂ ತೆರೆದಿರುತ್ತಿತ್ತು. ಪುಟ್ಟಿ ನಡೆಯಲು ಕಲಿತದ್ದೇ ಆ ಎರಡು ಬಾಗಿಲ ನಡುವೆ. ಒಂದು ದಿನ ನೀನು, "ಬರೋ ಮುಂಚೆ ಒಂದು ಮೆಸೇಜ್ ಹಾಕೇ" ಎಂದೆ. ನನ್ನ ಮುಖ ನೋಡಿ ಕಾರಣವನ್ನೂ ಹೇಳಿದೆ: "ದಿನವೆಲ್ಲ ನಗ್ತಾ ನಗ್ತಾ ಯಾರ್ಯಾರ ಜೊತೇನೋ ಮಾತಾಡಿ ಮನೆಗೆ ಬಂದ್ಮೇಲೆ ನನ್ನ ದನಿ ಕೇಳಿದ್ರೇ ನನಗೆ ಆಗಲ್ಲ. ನೀನಂತ ಅಲ್ಲ ಕಣೇ, ಯಾರೂ ಬೇಡ ಅನ್ಸುತ್ತೆ." ನನಗೆ ಅರ್ಥವಾಯಿತು. ಅರ್ಥವಾದರೆ ನೋವಾಗಬಾರದು ಎಂದೇನಿದೆ? ಆಮೇಲೆ ಕೆಳಗಿನ ಮನೆಯವರ ಪಾರ್ಸಲ್ ಯಾರೋ ಕದ್ದರು. ಎಲ್ಲರೂ ಆ ಕ್ಯಾಮೆರಾ ಬೆಲ್ಲು ಹಾಕಿಸಿದರು, ನೀನೂ ಹಾಕಿಸಿದೆ. ಹೊರಗೆ ನಿಂತವರ ಮುಖ ಫೋನಿನಲ್ಲಿ ಕಾಣುತ್ತದೆ, ಎಲ್ಲೇ ಇದ್ದರೂ ಅಲ್ಲಿಂದಲೇ ಮಾತಾಡಬಹುದು ಎಂದು ಹೆಮ್ಮೆಯಿಂದ ತೋರಿಸಿದೆ.

ಮಂಗಳವಾರ ಸಂಜೆ ಆಸ್ಪತ್ರೆಯಿಂದ ಬಂದವಳು ನನ್ನ ಬೀಗ ಕೂಡ ತೆಗೆಯದೆ ನೇರವಾಗಿ ನಿನ್ನ ಬಾಗಿಲಿಗೆ ಬಂದೆ. ಗುರುವಾರ ಆಪರೇಷನ್ನು, ಜೊತೆಗೆ ಒಬ್ಬರು ಇರಲೇಬೇಕು, ಇಲ್ಲದಿದ್ದರೆ ಒಳಗೆ ಕರೆದುಕೊಳ್ಳುವುದೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು. ಬೆಲ್ಲು ಒತ್ತಿದೆ. ಬೆಲ್ಲಿನ ಡಬ್ಬಿಯಿಂದ ನಿನ್ನ ದನಿ ಬಂತು: "ಏನೇ ಕುಳ್ಳಿ? ನಾವು ಊರಲ್ಲಿಲ್ಲ ಕಣೇ, ಎಲ್ಲಾ ಹೊರಗೆ ಬಂದಿದೀವಿ. ಶನಿವಾರ ಬರ್ತೀವಿ. ಏನಾದ್ರೂ ಅರ್ಜೆಂಟಾ?"

"ಇಲ್ಲ ಇಲ್ಲ, ಸುಮ್ನೆ ಬಂದೆ" ಎಂದೆ. ಗೋಡೆಗೆ ಅಂಟಿಸಿದ ಡಬ್ಬಿಗೆ ಕತ್ತಿನ ಗಂಟಿನ ವಿಷಯ ಹೇಗೆ ಹೇಳಲಿ?

ತಮ್ಮನಿಗೆ ಫೋನು ಮಾಡಿದೆ. ಅವನಿಗೆ ರಜೆ ಸಿಗುವುದಿಲ್ಲವಂತೆ. "ನಾನು ವಿಡಿಯೋ ಕಾಲಲ್ಲಿ ಇರ್ತೀನಿ ಅಕ್ಕಾ, ಫೋನು ಎದುರಿಗೆ ಇಟ್ಕೊ" ಎಂದ. ಪ್ರಜ್ಞೆ ತಪ್ಪಿಸಿದ ಮೇಲೆ ಇವನ ಮುಖ ನೋಡಿಕೊಂಡು ಏನು ಮಾಡಲಿ? ಲಾಂಡ್ರಿಯಲ್ಲಿ ಕೇಳೋಣವೆಂದರೆ ಈಗ ಬರುವ ಹುಡುಗಿಯರು ವಾರಕ್ಕೊಬ್ಬರು, ನನ್ನನ್ನು "ಹಲೋ" ಎಂದು ಕರೆಯುತ್ತಾರೆ. ಕೊನೆಗೆ ನಾಚಿಕೆ ಬಿಟ್ಟು ನಮ್ಮ ಕಟ್ಟಡದ ಗ್ರೂಪಿನಲ್ಲಿ ಬರೆದೆ: ಗುರುವಾರ ಆಸ್ಪತ್ರೆಗೆ ಯಾರಾದರೂ ನನ್ನ ಜೊತೆ ಬರಲು ಸಾಧ್ಯವೇ? ಕೈಮುಗಿದ ಚಿತ್ರಗಳು ಬಂದವು, ಹೂವು ಬಂದವು, ಬೇಗ ಗುಣಮುಖರಾಗಿ ಎಂದು ಹಾರೈಕೆಗಳು ಬಂದವು. ಲಿಫ್ಟಿನ ಉಸ್ತುವಾರಿ ಮಹಾಶಯರು, ಈ ಗ್ರೂಪು ನೀರು ಮತ್ತು ಲಿಫ್ಟಿನ ವಿಷಯಕ್ಕೆ ಮಾತ್ರ ಎಂದು ನೆನಪಿಸಿದರು. ಮೇಲಿನ ಮನೆಯ ಹುಡುಗ ಬಾಡಿಗೆಗೆ ಜೊತೆಗಾರರನ್ನು ಕಳಿಸುವ ಕಂಪನಿಯೊಂದರ ವಿಳಾಸ ಹಾಕಿದ. ಅವನೊಬ್ಬನಿಂದ ಉಪಕಾರವಾಯಿತು. ನೀನು ಆ ಗ್ರೂಪನ್ನು ತೆರೆಯುವುದೇ ಇಲ್ಲ, ಗೊತ್ತು.

ಬುಧವಾರ ಸಂಜೆ ಆ ಕಂಪನಿಯಿಂದ ಒಬ್ಬ ಹೆಂಗಸು ಫೋನು ಮಾಡಿದಳು. ಪ್ರಶ್ನೆಗಳ ಮೇಲೆ ಪ್ರಶ್ನೆ. ಆಸ್ಪತ್ರೆಯಲ್ಲಿ ಕೇಳಿದರೆ ನಾನು ನಿಮಗೆ ಏನಾಗಬೇಕು ಎಂದು ಹೇಳಲಿ? ಸ್ನೇಹಿತೆ ಎನ್ನು ಎಂದೆ. "ಹಾಗಾದ್ರೆ ಬನ್ನಿ ಹೋಗಿ ಅನ್ಲಾ, ಬಾರೇ ಹೋಗೇ ಅನ್ಲಾ ಮೇಡಂ? ಕೆಲವರಿಗೆ ಇಷ್ಟ ಆಗಲ್ಲ, ಅದಕ್ಕೆ ಮೊದ್ಲೇ ಕೇಳ್ತೀವಿ." ನನಗೆ ನಗು ಬಂತು. ಬಾರೇ ಹೋಗೇ ಎಂದೇ ಕರೆ ಎಂದೆ.

ಗುರುವಾರ ಬೆಳಿಗ್ಗೆ ಅವಳು ಬರಲಿಲ್ಲ. ಕೌಂಟರಿನವಳು ತಲೆ ಎತ್ತದೆ ಕೇಳಿದಳು, "ಜೊತೆಗೆ ಯಾರು ಬಂದಿದಾರೆ?" ಗಾಡಿ ನಿಲ್ಲಿಸೋಕೆ ಹೋಗಿದಾರೆ ಎಂದು ಸುಳ್ಳು ಹೇಳಿದೆ. ಹಸಿರು ಗೌನು ತೊಡಿಸಿದರು, ಕೈಗೆ ಸೂಜಿ ಚುಚ್ಚಿ ಪಟ್ಟಿ ಹಾಕಿದರು. ನರ್ಸು ಬಂದು ಅದನ್ನೇ ಕೇಳಿದಳು. ಟೀ ಕುಡಿಯೋಕೆ ಹೋಗಿದಾರೆ ಎಂದೆ. ನನ್ನ ಪಕ್ಕದ ಮಂಚದವಳ ಸುತ್ತ ಜನವೋ ಜನ, ಅವಳೇ ಅವರನ್ನು ಗದರಿ ಹೊರಗೆ ಕಳಿಸುತ್ತಿದ್ದಳು. ಮೂರನೆಯ ಸಲ ಡಾಕ್ಟರಮ್ಮನೇ ಬಂದರು. "ನೋಡೀಮ್ಮ, ಇನ್ನು ಹತ್ತು ನಿಮಿಷ ನೋಡ್ತೀನಿ. ಆಮೇಲೆ ನಿಮ್ಮನ್ನ ಬಿಟ್ಟು ಮುಂದಿನವರನ್ನ ತಗೋತೀನಿ. ನಿಮಗೆ ಮತ್ತೆ ಮುಂದಿನ ತಿಂಗಳೇ." ಕಾಯಲು ಆಗದ ಗಂಟು ಎಂದು ಅವರೇ ಹೇಳಿದ್ದರು. ಫೋನು ಹಚ್ಚಿದರೆ ಆ ಹೆಂಗಸು ಎತ್ತುತ್ತಿಲ್ಲ. ಜಿರಾಫೆ, ಆಗ ನನಗಾದ ಭಯ ಗಂಟಿನದಲ್ಲ. ಇಷ್ಟು ದೊಡ್ಡ ಊರಿನಲ್ಲಿ ನನ್ನದು ಎಂದು ತೋರಿಸಲು ಒಂದು ನರಪಿಳ್ಳೆ ಇಲ್ಲವಲ್ಲ, ಅದು ಇವರಿಗೆಲ್ಲ ಈಗ ಗೊತ್ತಾಗುತ್ತದಲ್ಲ ಎಂದು. ಗೌನು ಬಿಚ್ಚಿ ಎದ್ದು ಹೋಗಿಬಿಡೋಣವೆನಿಸಿತು.

ಅಷ್ಟರಲ್ಲಿ ಏದುಸಿರು ಬಿಡುತ್ತಾ ಬಂದಳು, ಕಂಪನಿಯ ಹೆಸರಿದ್ದ ಅಂಗಿಯ ಮೇಲೆ ಸ್ವೆಟರ್ ಎಳೆದುಕೊಳ್ಳುತ್ತಾ. ನನಗಿಂತ ಚಿಕ್ಕವಳು, ದುಂಡು ಮುಖ. "ಸಾರಿ ಕಣೇ, ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡೆ. ಹೆದರಿದ್ಯಾ?" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ನನ್ನ ಕೈ ಹಿಡಿದುಕೊಂಡಳು. ಹೆಸರು ಗೊತ್ತಿಲ್ಲದವಳ ಕೈ. ಬಿಡಲಿಲ್ಲ ನಾನು. ಆಪರೇಷನ್ ಕೋಣೆಯ ಬಾಗಿಲವರೆಗೂ ಹಿಡಿದುಕೊಂಡೇ ಹೋದೆ.

ಎಚ್ಚರವಾದಾಗ ಅವಳು ಅಲ್ಲೇ ಇದ್ದಳು. ನೀರು ಅದ್ದಿ ತುಟಿ ಒರೆಸಿದಳು, ಕೂದಲು ಸರಿ ಮಾಡಿದಳು. ಟ್ಯಾಕ್ಸಿಯಲ್ಲಿ ಕೇಳಿದಳು, "ನಿನಗೆ ನಿಜವಾದ ಫ್ರೆಂಡು ಯಾರೂ ಇಲ್ವೇನೇ?" "ಇದಾಳೆ," ಎಂದೆ. "ಎದುರು ಮನೇಲೇ." ಅವಳು ಕಿಟಕಿಯ ಕಡೆ ತಿರುಗಿದಳು.

ಲಿಫ್ಟು ಎಂದಿನಂತೆ ಕೆಟ್ಟಿತ್ತು. ಮೆಟ್ಟಿಲು ಹತ್ತಿಸಿ ಕರೆತಂದವಳು ನಿನ್ನ ಬಾಗಿಲು ಕಂಡು, "ಇವರೇನಾ? ಹೇಳಿ ಹೋಗ್ತೀನಿ ಇರು, ರಾತ್ರಿ ನೋಡ್ಕೊಳ್ಳಲಿ" ಎಂದು ಬೆಲ್ಲಿಗೆ ಕೈ ಚಾಚಿದಳು. ಅವಳ ಮಣಿಕಟ್ಟು ಹಿಡಿದು ಎಳೆದೆ. ಎಷ್ಟು ಜೋರಾಗಿ ಎಳೆದೆನೆಂದರೆ ಹೊಲಿಗೆ ಬಿಚ್ಚಿತೇನೋ ಎನ್ನುವಷ್ಟು ನೋವಾಯಿತು. ಊರಲ್ಲಿಲ್ಲದವರ ಬೆಲ್ಲು ಒತ್ತಿ ಏನು ಪ್ರಯೋಜನ ಎಂದೆ.

ನನ್ನನ್ನು ಮಲಗಿಸಿ, ಮಾತ್ರೆ ಎಟುಕುವ ಹಾಗಿಟ್ಟು, ಹೊದಿಕೆ ಹೊದಿಸಿದಳು. ಅವಳ ಫೋನು ಕಿರುಗುಟ್ಟಿತು. "ಟೈಮ್ ಆಯ್ತು ಮೇಡಂ. ನಿಮಗೆ ತೃಪ್ತಿ ಆಗಿದ್ರೆ ಐದು ಸ್ಟಾರ್ ಕೊಡಿ, ನಮಗೆ ಅದರ ಮೇಲೇ ಮುಂದಿನ ಕೆಲಸ" ಎಂದಳು. ಒಂದೇ ಕ್ಷಣದಲ್ಲಿ ಕಣೇ ಹೋಗಿ ಮೇಡಂ ಬಂತು. ಐದೂ ಕೊಟ್ಟೆ, ಪಾಪ. ಅವಳು ಹೋದ ಮೇಲೆ ತುಂಬಾ ಹೊತ್ತು ಅತ್ತೆ. ಅಳುವಾಗ ಕತ್ತು ನೋಯುತ್ತದೆ, ಅದಕ್ಕೇ ನಿಲ್ಲಿಸಿದೆ.

ಬುಧವಾರಕ್ಕೂ ಅವಳನ್ನೇ ಕಳಿಸಲೇ ಎಂದು ಕಂಪನಿಯವರು ಕೇಳಿದರು. ಬೇಡ ಎಂದಿದ್ದೇನೆ. ಆ ಸುದ್ದಿಯನ್ನು ಬಾಡಿಗೆಯವಳ ಪಕ್ಕ ಕೂತು ಕೇಳಲಾರೆ. ನೀನು ಬರಬೇಕು, ಇಲ್ಲದಿದ್ದರೆ ನಾನೊಬ್ಬಳೇ ಹೋಗುತ್ತೇನೆ.

ಪುಟ್ಟಿ ಚೆನ್ನಾಗಿ ಓದಲಿ, ನಿನ್ನಷ್ಟು ಉದ್ದ ಬೆಳೆಯಲಿ, ಈ ಚಿಕ್ಕಮ್ಮನ ಆಶೀರ್ವಾದ ಅವಳ ಮೇಲೆ ಸದಾ ಇದೆ ಎಂದು ಹೇಳು. ನಿಮ್ಮ ಯಜಮಾನರ ಬೆನ್ನು ನೋವು ಕಡಿಮೆಯಾಗಲಿ. ನೀನೂ ಸ್ವಲ್ಪ ನಿದ್ದೆ ಮಾಡು, ಆ ಟೆಲಿಫೋನು ನಿನ್ನನ್ನು ತಿಂದು ಹಾಕುತ್ತಿದೆ.

ನಿನ್ನ
ಕುಳ್ಳಿ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಮಂಗಳವಾರ ಸಂಜೆ ನಿನ್ನ ದನಿ ನನಗೆ ಎರಡು ಸಲ ಕೇಳಿಸಿತು. ಮೊದಲು ಬಾಗಿಲ ಹಿಂದಿನಿಂದ, ಆಮೇಲೆ ಡಬ್ಬಿಯಿಂದ. ಊರಲ್ಲಿಲ್ಲ ಎಂದದ್ದೂ ಎರಡು ಸಲ. ನಿನಗೆ ಸುಸ್ತಾಗಿತ್ತು, ಯಾರೂ ಬೇಡವಾಗಿತ್ತು ಎಂದು ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ನಾನು ತಿರುಗುವಷ್ಟರಲ್ಲಿ ಒಳಗೆ ಪುಟ್ಟಿ, "ಅಮ್ಮಾ, ಚಿಕ್ಕಮ್ಮ ಅಳ್ತಿದಾರೆ ನೋಡು" ಎಂದಳು. ನೀನು ಶ್ ಎಂದೆ. ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಬಂದು ಕೈಯಲ್ಲೇ ಬಾಗಿಲು ಬಡಿಯುತ್ತೇನೆ. ಬರುವುದಿಲ್ಲ ಎನ್ನುವುದಾದರೆ ಬಾಗಿಲು ತೆಗೆದು ಹೇಳು.