ಕಿರೀಟದ ದಿನದ ಮಾತ್ರೆ

ಪ್ರೀತಿಯ ನಾದಿನಿಗೆ,

ನಿನಗೂ ಅಕ್ಕನ ಹಾಗೆ ರುಮಟಾಯ್ಡ್ ಸಂಧಿವಾತ ಬಂದು, ಅದೇ ಮಾತ್ರೆ ಬರೆದುಕೊಟ್ಟಿದ್ದಾರೆಂದು ತಿಳಿಯಿತು. ಹೆದರಿ ಬಿಸಾಡಬೇಡ! ಮಡಚಲಾಗದ ಅವಳ ಬೆರಳಿಗೆ ಮತ್ತೆ ಸೂಜಿ ಹಿಡಿಸಿ, ನಮ್ಮ ನಾಟಕ ಕಂಪನಿಗೆಲ್ಲ ಪೋಷಾಕು ಹೊಲಿಸಿದ್ದು ಆ ಮಾತ್ರೆಯೇ.

ವಾರಕ್ಕೆ ಒಂದೇ ಸಲ ನುಂಗಬೇಕಿತ್ತು. ಆಗ ನಮ್ಮ ನಾಟಕವೂ ವಾರಕ್ಕೊಂದೇ. "ನೀವು ಕಿರೀಟ ಇಟ್ಟ ದಿನ ನಾನು ಮಾತ್ರೆ ನುಂಗ್ತೀನಿ ಮಹಾರಾಜ್ರೇ, ಮರೆಯೋ ಮಾತೇ ಇಲ್ಲ" ಎಂದು ನಗುತ್ತಿದ್ದಳು. ಆಮೇಲೆ ಹೊಸ ಊರಿನಲ್ಲಿ ನಾಟಕ ಗೆದ್ದಿತು, ದಿನವೂ ಆಟ! ನಾನು ದಿನವೂ ಕಿರೀಟ ಇಟ್ಟೆ. ಅವಳು ದಿನವೂ ನುಂಗಿದಳು. ಬಾಯೆಲ್ಲ ಹುಣ್ಣಾಗಿ ಜ್ವರ ಬಂದಾಗ, "ಈ ಊರಿನ ನೀರು ಒಗ್ಗಿಲ್ಲ ಕಣ್ರೀ" ಎಂದಳು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮೈಯಲ್ಲಿ ರಕ್ತ ಹುಟ್ಟುವುದೇ ನಿಂತುಹೋಗಿತ್ತು; ಅವಳು ಉಳಿಯಲಿಲ್ಲ.

ಆದ್ದರಿಂದ ತಾಯೀ, ವಾರದಲ್ಲಿ ಒಂದು ದಿನ ಗೊತ್ತುಮಾಡಿಕೋ, ಸೋಮವಾರವೆಂದರೆ ಸೋಮವಾರವೇ. ರಕ್ತಪರೀಕ್ಷೆ ತಪ್ಪಿಸಬೇಡ. ಬಾಯಿ ಹುಣ್ಣಾದರೆ, ಜ್ವರ ಬಂದರೆ, ಮಾತ್ರೆ ನುಂಗದೆ ಅಂದೇ ಡಾಕ್ಟರ ಹತ್ತಿರ ಓಡು.

ಕೈ ಹಗುರಾದ ಮೇಲೆ ಒಮ್ಮೆ ಬಾ. ನನ್ನ ರಾಜನ ಅಂಗಿಯ ಎಡತೋಳು ಅವಳು ಸೂಜಿ ಸಿಕ್ಕಿಸಿಟ್ಟ ಹಾಗೆಯೇ ಇದೆ. ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲ. ಅವಸರವೇನಿಲ್ಲ. ಕಿರೀಟ ಪೆಟ್ಟಿಗೆ ಸೇರಿದೆ.

ನಿನ್ನ ಭಾವ